ಸ್ವಂತ ಕಟ್ಟೆಯಲ್ಲಿ ಮೀನಿನ ಸಾಗುವಳಿ

ಜಮೀನಿನಲ್ಲಿ ಸ್ವಂತ ಕಟ್ಟೆಯುಳ್ಳ ಅನೇಕ ರೈತರು ಮಳೆಗಾಲವು ಹಿಡಿದೊಡನೆ ಸಾವಿರಗಟ್ಟಲೆ ಮೀನುಮರಿಗಳನ್ನು ಕೊಂಡು ತಂದು ನೀರಿಗೆ ಬಿಡುವರು. ಮರುವರ್ಷ ಬಲೆಯನ್ನೆಳೆದಾಗ ಹತ್ತಿಪ್ಪತ್ತು ಮೀನುಗಳೂ ದೊರೆಯದೆ, ಮರಿಗಳೇ ಕೆಟ್ಟವೆಂದು ಮಾರಿದವರನ್ನು ದೂರುವರು. ಆದರೆ ಈ ನಷ್ಟದ ಬಹುಭಾಗವು ಮರಿಗಳು ನೀರಿಗೆ ಬೀಳುವುದಕ್ಕೆ ಮುಂಚೆಯೇ ನಿಶ್ಚಿತವಾಗಿರುತ್ತದೆ. ಕಳೆ ತೆಗೆಯದ ಹೊಲದಲ್ಲಿ ಬಿತ್ತಿ ಬೀಜವನ್ನು ದೂಷಿಸುವುದು ಎಷ್ಟು ಸರಿಯೋ ಇದೂ ಅಷ್ಟೇ ಸರಿ.

ಕಟ್ಟೆಯ ಕಳೆಯೆಂದರೆ ಕೊರವ, ಬಾಳೆ ಮೊದಲಾದ ಮಾಂಸಾಹಾರಿ ಮೀನುಗಳು. ಇವು ಹಳ್ಳದ ನೀರಿನೊಡನೆ ತಾವಾಗಿಯೇ ಬಂದು ಸೇರುತ್ತವೆ. ಕೊರವವು ಗಾಳಿಯನ್ನು ನೇರವಾಗಿ ಉಸಿರಾಡಬಲ್ಲುದರಿಂದ ನೀರಿಂಗಿ ಕೆಸರು ಮಾತ್ರ ಉಳಿದಾಗಲೂ ಜೀವಿಸಿರುತ್ತದೆ. ಆದುದರಿಂದ ಬೇಸಗೆಯಲ್ಲಿ ಕಟ್ಟೆಯನ್ನು ಪೂರ್ತಿಯಾಗಿ ಬತ್ತಿಸಿ, ತಳವು ಬಿರುಕು ಬಿಡುವವರೆಗೆ ಬಿಸಿಲಿಗೆ ಒಣಗಿಸತಕ್ಕದ್ದು. ಬತ್ತಿಸಲು ಸಾಧ್ಯವಿಲ್ಲದ ಕಡೆ ಹಿಪ್ಪೆ ಹಿಂಡಿಯನ್ನು ನೆನೆಸಿ ನೀರಿನಲ್ಲೆಲ್ಲಾ ಎರಚಬಹುದು. ಹತ್ತು ಗುಂಟೆಯ ಕಟ್ಟೆಯಲ್ಲಿ ಸುಮಾರು 3 ಅಡಿ ನೀರಿದ್ದರೆ 250 ಕಿಲೋ ಹಿಂಡಿ ಬೇಕಾಗುವುದು. ಇದರ ವಿಷವು ಮೂರು ವಾರಗಳಲ್ಲಿ ಇಳಿದು, ಹಿಂಡಿಯು ಗೊಬ್ಬರವಾಗಿ ಪರಿಣಮಿಸುತ್ತದೆ. ಅಲ್ಲಿಯವರೆಗೆ ದನಕರುಗಳನ್ನು ಆ ನೀರಿಗೆ ಬಿಡಬಾರದು. ನೀರು ಒಳಬರುವ ಮತ್ತು ಕೋಡಿ ಹರಿಯುವ ಸ್ಥಳಗಳಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಬಿಗಿಯದಿದ್ದರೆ ಈ ಶ್ರಮವೆಲ್ಲಾ ಮೊದಲನೆಯ ಪ್ರವಾಹದಲ್ಲಿಯೇ ವ್ಯರ್ಥವಾಗುವುದು.

ಬಳಿಕ ಅದೇ ಹತ್ತು ಗುಂಟೆಗೆ 25 ಕಿಲೋ ಸುಣ್ಣವನ್ನು ಹರಡಿ, ಒಂದು ವಾರ ಬಿಟ್ಟು 200 ಕಿಲೋ ಹಸಿ ಸಗಣಿಯನ್ನು ಹಾಕತಕ್ಕದ್ದು. ಸಗಣಿಯು ಮೀನಿಗೆ ನೇರವಾದ ಆಹಾರವಲ್ಲ. ಅದರ ಸಾರದಿಂದ ನೀರಿನಲ್ಲಿ ಸೂಕ್ಷ್ಮವಾದ ಹಸಿರು ಪಾಚಿಯೂ, ಪಾಚಿಯನ್ನು ತಿನ್ನುವ ಸಣ್ಣ ಜೀವಿಗಳೂ ಬೆಳೆಯುತ್ತವೆ. ಮರಿಗಳು ಮೇಯುವುದು ಇವನ್ನು. ಹದಿನೈದು ದಿನಗಳಲ್ಲಿ ನೀರು ಎಳೆ ಹಸಿರು ಬಣ್ಣಕ್ಕೆ ತಿರುಗಬೇಕು. ಇದನ್ನು ಪರೀಕ್ಷಿಸಲು ಉಪಕರಣವೇನೂ ಬೇಡ. ದಡದಲ್ಲಿ ಕುಳಿತು ಕೈಯನ್ನು ನೇರವಾಗಿ ನೀರಿನೊಳಕ್ಕೆ ಇಳಿಸಿದಾಗ, ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಕಾಣದಾದರೆ ಹದ ಸರಿಯಾಗಿದೆ. ಮೊಣಕೈ ಮುಳುಗಿದರೂ ಅಂಗೈ ಸ್ಪಷ್ಟವಾಗಿ ಕಂಡರೆ ಗೊಬ್ಬರ ಸಾಲದು. ಮಣಿಕಟ್ಟು ಮುಳುಗುತ್ತಲೇ ಅಂಗೈ ಮರೆಯಾದರೆ ಗೊಬ್ಬರ ಮಿತಿಮೀರಿದೆ. ಕೆಮ್ಮಣ್ಣಿನ ಕದಡಿನಿಂದ ಕಾಣದಿರುವುದು ಬೇರೆ ಮಾತು. ಅದನ್ನು ಹಸಿರೆಂದು ಭ್ರಮಿಸಬಾರದು.

ಮರಿಗಳ ವಿಷಯದಲ್ಲಿ ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಜಾತಿಗಳನ್ನು ಕೂಡಿಸಿ ಬಿಡುವುದು ಲೇಸು. ಕಾಟ್ಲಾ ಮೇಲುನೀರಿನಲ್ಲಿಯೂ, ರೋಹು ನಡುನೀರಿನಲ್ಲಿಯೂ, ಮೃಗಾಲ್ ತಳದಲ್ಲಿಯೂ ಮೇಯುವುದರಿಂದ ಒಂದರ ಅನ್ನವನ್ನು ಮತ್ತೊಂದು ಕಸಿಯುವುದು ಕಡಿಮೆ. ಇವು ಹರಿಯುವ ನದಿಯ ಮೀನುಗಳಾದುದರಿಂದ ನಿಂತ ನೀರಿನ ಕಟ್ಟೆಯಲ್ಲಿ ಮರಿಮಾಡುವುದಿಲ್ಲ. ಹಿಂದೆ ಇವುಗಳ ಮರಿಗಳನ್ನು ನದಿಗಳಲ್ಲಿ ಸೋಸಿ ತರುತ್ತಿದ್ದುದರಿಂದ ಅವುಗಳೊಡನೆ ಕಾಡುಮೀನಿನ ಮರಿಗಳೂ ಬೆರೆತು ಬರುತ್ತಿದ್ದುವು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಒರಿಸ್ಸಾದಲ್ಲಿ ಪಿಟ್ಯೂಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಜಾತಿಯ ಮೀನಿನಿಂದ ಮೊಟ್ಟೆಯಿಡಿಸಿದ ಮೇಲೆ, ಮರಿಕೇಂದ್ರಗಳಲ್ಲಿಯೇ ಶುದ್ಧ ಜಾತಿಯ ಮರಿಗಳು ದೊರೆಯುವಂತಾಯಿತು. ನಮ್ಮಲ್ಲಿ ಭದ್ರಾ ಯೋಜನೆಯ ಸ್ಥಳದಲ್ಲಿಯೂ ತುಂಗಭದ್ರಾ ಅಣೆಕಟ್ಟಿನ ಬಳಿಯೂ ಇಂತಹ ಕೇಂದ್ರಗಳಿವೆ.

ಹತ್ತು ಗುಂಟೆಗೆ 200 ಕಾಟ್ಲಾ, 150 ರೋಹು, 150 ಮೃಗಾಲ್, ಒಟ್ಟು 500 ಮರಿಗಳು ಸಾಕು. ಅವು 3ರಿಂದ 4 ಅಂಗುಲ ಉದ್ದವಿರಬೇಕು. ಒಂದಂಗುಲದ ಮರಿಗಳು ಅಗ್ಗವೆಂದು ಅದೇ ಹಣಕ್ಕೆ ಹಲವು ಪಾಲು ಹೆಚ್ಚು ತಂದು ಸುರಿಯುವವರನ್ನು ನಾನು ಪ್ರತಿವರ್ಷವೂ ಕಾಣುತ್ತೇನೆ; ಅವರು ಕಪ್ಪೆ, ನೀರುಹಾವು, ಹಕ್ಕಿಗಳನ್ನು ಸಾಕುತ್ತಿರುವರೆಂದು ಹೇಳಬಹುದು. ಸಣ್ಣ ಮರಿಯನ್ನೇ ಕೊಳ್ಳಬೇಕಾದಲ್ಲಿ ಚಿಕ್ಕ ಗುಂಡಿಯೊಂದರಲ್ಲಿ ಎರಡು ಮೂರು ತಿಂಗಳು ಬೆಳೆಸಿ ಆಮೇಲೆ ಕಟ್ಟೆಗೆ ಬಿಡತಕ್ಕದ್ದು. ಮರಿಗಳು ಬಂದ ಚೀಲವನ್ನು ತಂಪು ಹೊತ್ತಿನಲ್ಲಿ ಕಾಲುಗಂಟೆ ಕಟ್ಟೆಯ ನೀರಿನ ಮೇಲೆ ತೇಲಿಸಿಟ್ಟು, ಎರಡು ನೀರಿನ ಶಾಖವೂ ಸಮವಾದ ಬಳಿಕ ಬಾಯಿ ಬಿಚ್ಚಿ ತಾವಾಗಿಯೇ ಹೊರಡುವಂತೆ ಮಾಡಬೇಕು.

ವರ್ಷವಿಡೀ ಐದಾರು ಅಡಿ ನೀರು ನಿಲ್ಲದೆ ಮಾಘಮಾಸಕ್ಕೇ ಬತ್ತುವ ಹೊಂಡಗಳಿಗೆ ಈ ಮೂರು ಜಾತಿಗಳು ತಕ್ಕುವಲ್ಲ. ಅಲ್ಲಿ ಬೇಗ ಬೆಳೆಯುವ ಸಾಮಾನ್ಯ ಗೆಂಡೆಯನ್ನು ಬಿಡಬಹುದು. ಆದರೆ ಅದು ಆಹಾರಕ್ಕಾಗಿ ಮಣ್ಣಿನ ಏರಿಯನ್ನು ಕೆದಕುವ ಸ್ವಭಾವದ್ದು. ಆಫ್ರಿಕಾದ ಕ್ಯಾಟ್‌ಫಿಷ್ ಮೀನನ್ನಂತೂ ಯಾರೇ ಆಸೆ ತೋರಿಸಿದರೂ ತರಕೂಡದು. ಅದರ ಸಾಕಣೆಯು ನಿಷಿದ್ಧವಾಗಿದೆ.

ದಿನವೂ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮವಾಗಿ ಕಲಸಿ, ಒಂದೇ ಹೊತ್ತಿಗೆ, ಒಂದೇ ಸ್ಥಳದಲ್ಲಿ ಕುಕ್ಕೆಯಲ್ಲಿಟ್ಟು ಇಳಿಸತಕ್ಕದ್ದು. ಕಟ್ಟೆಯಲ್ಲಿರುವ ಮೀನಿನ ತೂಕ ನೂರು ಕಿಲೋ ಎಂದು ಅಂದಾಜಾದರೆ ಎರಡು ಮೂರು ಕಿಲೋ ಸಾಕು. ಮರುದಿನ ಕುಕ್ಕೆಯಲ್ಲಿ ಮಿಕ್ಕಿದ್ದರೆ ಕಡಿಮೆ ಮಾಡಬೇಕು. ತಿಂಗಳಿಗೊಮ್ಮೆ 75 ಕಿಲೋ ಸಗಣಿ ಹಾಕುವುದು ವಾಡಿಕೆಯಾದರೂ, ಕೈಪರೀಕ್ಷೆಯಲ್ಲಿ ಹಸಿರು ಹೆಚ್ಚೆಂದು ಕಂಡ ತಿಂಗಳು ಅದನ್ನು ನಿಲ್ಲಿಸತಕ್ಕದ್ದು. ಏಕೆಂದರೆ ಪಾಚಿಯು ಹಗಲಿನಲ್ಲಿ ಪ್ರಾಣವಾಯುವನ್ನು ಕೊಟ್ಟರೂ ರಾತ್ರಿ ತಾನೇ ಅದನ್ನು ಹೀರುತ್ತದೆ. ಮೋಡ ಮುಸುಕಿದ ದಿನಗಳಲ್ಲಿ ಕೊಡುವುದೂ ಕಡಿಮೆ. ಸೂರ್ಯೋದಯಕ್ಕೆ ಮುಂಚೆ ಮೀನುಗಳೆಲ್ಲಾ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅವು ಉಸಿರು ಕಟ್ಟಿ ಸಾಯುವ ಸ್ಥಿತಿಯಲ್ಲಿವೆಯೆಂದು ತಿಳಿಯಬೇಕು. ಒಡನೆಯೇ ಹೊಸ ನೀರನ್ನು ಎತ್ತರದಿಂದ ಬೀಳುವಂತೆ ಹಾಯಿಸಿ, ಅದಿಲ್ಲವಾದರೆ ಆಳುಗಳಿಂದ ನೀರನ್ನು ಬಡಿಸಿ, ಕೆಲವು ದಿನ ಗೊಬ್ಬರವನ್ನೂ ಆಹಾರವನ್ನೂ ನಿಲ್ಲಿಸತಕ್ಕದ್ದು. ಇದನ್ನು ಕಾಣಲು ಯಜಮಾನನಾಗಲಿ ನಂಬಿಕೆಯ ಆಳಾಗಲಿ ಬೆಳಗಿನ ಜಾವ ಏರಿಯ ಮೇಲೆ ಹೋಗದೆ ಬೇರೆ ಉಪಾಯವಿಲ್ಲ.

ಒಳ್ಳೆಯ ಪಾಲನೆಯಲ್ಲಿ ಕಾಟ್ಲಾ ಒಂದು ವರ್ಷಕ್ಕೆ ಒಂದು ಕಿಲೋದಷ್ಟು ತೂಗುತ್ತದೆ. ಹತ್ತನೆಯ ತಿಂಗಳಿನಿಂದ ದೊಡ್ಡವನ್ನು ಮಾತ್ರ ಆರಿಸಿ ಹಿಡಿದರೆ ಮಿಕ್ಕವಕ್ಕೆ ಸ್ಥಳವೂ ಮೇವೂ ದೊರೆಯುವುವು. ಬೆಳಗಿನ ತಂಪಿನಲ್ಲಿ ಬಲೆ ಎಳೆಸುವುದು ಮೇಲು. ಕೊಳ್ಳುವವನನ್ನು ಹಿಂದಿನ ದಿನವೇ ಗೊತ್ತುಮಾಡಿಕೊಂಡು, ತೂಕವನ್ನು ಏರಿಯ ಮೇಲೆಯೇ ಮಾಡಿಸತಕ್ಕದ್ದು.