ಬೋರ್ಡಿನ ಮೇಲೆ ಬರೆಯುವ ಮುಂಚೆ

ತಂಗಿ, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನೆನಪಿಗೆ ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸಿದ ಮೇಲೆ ಒಂಬತ್ತನೇ ತರಗತಿಗೆ ನಿಜಾಮನ ಪರ ನಿಂತ ರಜಾಕಾರರ ಕಾಲದಲ್ಲಿ ಹೆಣ್ಣುಮಕ್ಕಳು ಪಟ್ಟ ಪಾಡನ್ನೂ ಹೇಳಬೇಕು ಅಂದೆಯಲ್ಲ, ಹೇಳು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ ನಾನು ಹೇಳಲಿಲ್ಲ. ರಜಾಕಾರರ ನಾಯಕ ಖಾಸಿಂ ರಜ್ವಿ, ಸರ್ದಾರ್ ಪಟೇಲ್, 1948ರ ಸೆಪ್ಟೆಂಬರ್ 13ರಿಂದ ಭಾರತದ ಸೈನ್ಯ ನಡೆಸಿದ ಐದು ದಿನದ ಪೊಲೀಸ್ ಆ್ಯಕ್ಷನ್, ಇಷ್ಟು ಬರೆಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಆದರೆ ಸೀಮೆಸುಣ್ಣ ಹಿಡಿಯುವ ಮುಂಚೆ ಮಾತನ್ನು ತಿದ್ದಿಕೊ. ನಮ್ಮ ಕಡೆ ಹಿರಿಯರು ಆ ಸಂಗತಿ ಬಂದಾಗ ‘ಆಕಿ ಮಾನ ಹೋತು’, ‘ಆಕಿ ಕೆಟ್ಟಳು’ ಅನ್ನುತ್ತಾರೆ. ನಮ್ಮವ್ವನೂ ಹಾಗೇ ಅನ್ನುತ್ತಿದ್ದಳು, ದನಿ ತಗ್ಗಿಸಿ. ಆ ಮಾತಿನಲ್ಲಿ ಗಂಡಸೇ ಇಲ್ಲ, ನೋಡು. ಮಾನ ಹೋದದ್ದು ಆಕೆಯದು, ಕೆಟ್ಟವಳೂ ಆಕೆಯೇ. ಮಾಡಿದವನು ವಾಕ್ಯದಿಂದಲೇ ಪಾರಾಗಿಬಿಟ್ಟ. ನೀನು ಮಾಡಿದವನನ್ನೇ ಮೊದಲು ಬರೆ: ಅವರು ಎತ್ತಿಕೊಂಡು ಹೋದರು, ಅವರು ಅತ್ಯಾಚಾರ ಮಾಡಿದರು.

ಹೀಗೆ ಮಾತಿನಲ್ಲೇ ಮುಚ್ಚಿಡುವುದು ನಮ್ಮಲ್ಲಷ್ಟೇ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೈನ್ಯ ಕೊರಿಯ, ಚೀನ, ಫಿಲಿಪ್ಪೀನ್ಸ್‌ನ ಹುಡುಗಿಯರನ್ನು ತನ್ನ ಸೈನಿಕರಿಗಾಗಿ ಕೂಡಿಹಾಕಿ, ‘ಸಾಂತ್ವನ ನೀಡುವ ಹೆಂಗಸರು’ ಎಂದು ಹೆಸರಿಟ್ಟಿತು. ಆ ಹೆಸರಿನ ಸುಳ್ಳು ಎಷ್ಟು ಗಟ್ಟಿಯಾಗಿತ್ತೆಂದರೆ, ದಕ್ಷಿಣ ಕೊರಿಯದ ಕಿಮ್ ಹಾಕ್-ಸುನ್ ಎಂಬ ಅಜ್ಜಿ ತನ್ನ ಹೆಸರು ಹೇಳಿ, ಮುಖ ತೋರಿಸಿ ನಡೆದದ್ದನ್ನು ಹೇಳುವ ಹೊತ್ತಿಗೆ ಯುದ್ಧ ಮುಗಿದು 46 ವರ್ಷವಾಗಿತ್ತು. ಅದು 1991ರ ಆಗಸ್ಟ್ 14. ಮುಂದಿನ ಜನವರಿಯಿಂದ ಸೋಲ್ ನಗರದ ಜಪಾನ್ ರಾಯಭಾರ ಕಚೇರಿ ಎದುರು ಪ್ರತಿ ಬುಧವಾರ ಪ್ರತಿಭಟನೆ ಶುರುವಾಯಿತು. ಅಜ್ಜಿಯರ ಪಕ್ಕದಲ್ಲಿ ಶಾಲೆಯ ಮಕ್ಕಳೂ ಬಂದು ಕೂತರು. ನಿನ್ನ ಮಕ್ಕಳಿಗೆ ಇದನ್ನು ಬಿಡದೆ ಹೇಳು.

ನಮ್ಮಲ್ಲಿ ಅಂಥ ಬುಧವಾರ ಬರಲಿಲ್ಲ. ರಜಾಕಾರರಿಗೆ ಹೆದರಿ ಭೀಮಾ ನದಿ ದಾಟಿ ಇಂಡಿ, ಸಿಂದಗಿ ಕಡೆ, ಇಲ್ಲವೆ ಸೊಲ್ಲಾಪುರಕ್ಕೆ ಓಡಿ ಜೀವ ಉಳಿಸಿಕೊಂಡವರ ಕಥೆ ಮನೆಮನೆಯಲ್ಲಿದೆ. ಆದರೆ ಪೊಲೀಸ್ ಆ್ಯಕ್ಷನ್ ಆದ ಮೇಲೆ ಮುಸ್ಲಿಂ ಹೆಣ್ಣುಮಕ್ಕಳಿಗೆ ಆದದ್ದನ್ನು ಹೇಳಲು ನಮ್ಮ ನಾಲಿಗೆ ಏಳುವುದಿಲ್ಲ. ಆಗ ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಕೊಲೆ, ಲೂಟಿಯ ಜೊತೆಗೆ ಅಪಹರಣ, ಅತ್ಯಾಚಾರವನ್ನೂ ದಾಖಲಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾವೂ ಒಂದು. ಆ ವರದಿಯನ್ನು ದಶಕಗಟ್ಟಲೆ ಪ್ರಕಟಿಸಲಿಲ್ಲ. ಆ ಎರಡೂ ಕಡೆಯ ಮರಿಮಕ್ಕಳು ನಿನ್ನ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ, ತಂಗಿ. ಅರ್ಧ ಹೇಳಿದರೆ ಒಬ್ಬಳ ಅಜ್ಜಿಗೆ ನ್ಯಾಯ ಕೇಳಿ ಇನ್ನೊಬ್ಬಳ ಅಜ್ಜಿಯನ್ನು ಮತ್ತೆ ಹೂತಂತಾಗುತ್ತದೆ.

‘ಮನೆಯಲ್ಲಿ ಅಜ್ಜಿಯನ್ನು ಕೇಳಿ ಬರ್ರಿ’ ಎಂದು ಹೋಂವರ್ಕ್ ಮಾತ್ರ ಕೊಡಬೇಡ. ಊರ ಹೆಸರು, ಮನೆತನದ ಹೆಸರು ತರಗತಿಯಲ್ಲಿ ಬರುವುದು ಬೇಡ. ಹೇಳಬೇಕೋ ಬೇಡವೋ ಎನ್ನುವುದು ಆಕೆಗೆ ಬಿಟ್ಟದ್ದು. ಕೇಳುವವರು ಸರಿಯಿದ್ದರೆ ಆಕೆ ಹೇಳಿಯಾಳು. ರುವಾಂಡದ ಜನಾಂಗಹತ್ಯೆಯ ಬಗ್ಗೆ ನಡೆದ ಅಕಾಯೆಸು ಮೊಕದ್ದಮೆಯ ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಸಾಕ್ಷಿ ಹೇಳಲು ಬಂದ ತಾಯಿಯೊಬ್ಬಳು ಮಗಳಿಗೆ ಆದದ್ದನ್ನು ಹೇಳಿದಳು. ಪೀಠದಲ್ಲಿದ್ದ ನ್ಯಾಯಾಧೀಶೆ ನವಿ ಪಿಳ್ಳೈ ಆ ಮಾತನ್ನು ತೇಲಿಸಿಬಿಡಲಿಲ್ಲ. ಆರೋಪಪಟ್ಟಿ ತಿದ್ದುಪಡಿಯಾಯಿತು. 1998ರಲ್ಲಿ, ಅತ್ಯಾಚಾರವೂ ಜನಾಂಗಹತ್ಯೆಯ ಕೃತ್ಯವಾಗಬಲ್ಲದು ಎಂದು ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಮೊದಲ ಸಲ ತೀರ್ಪು ಕೊಟ್ಟಿತು.

ಪಾಠ ಮುಗಿದ ಕೂಡಲೇ ಸ್ಟಾಫ್ ರೂಮಿಗೆ ಹೋಗಬೇಡ. ಡಸ್ಟರ್ ಹಿಡಿದು ನಿಧಾನಕ್ಕೆ ಬೋರ್ಡ್ ಒರೆಸುತ್ತಾ ಇರು. ಯಾವಳಾದರೂ ಹುಡುಗಿ ಹಿಂದೆ ಉಳಿದಾಳು, 1948ರದ್ದಲ್ಲದ ಮಾತೊಂದನ್ನು ಹೇಳಲು. ‘ಯಾರಿಗೂ ಹೇಳಲ್ಲವ್ವ’ ಎಂದು ಮಾತು ಕೊಡಬೇಡ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯಡಿ, ತಿಳಿದ ಮೇಲೆ ನೀನು ದೂರು ಮುಟ್ಟಿಸಲೇಬೇಕು. ಅದನ್ನು ಆಕೆಗೆ ಮೊದಲೇ ಹೇಳು, ಮಕ್ಕಳ ಸಹಾಯವಾಣಿ 1098 ನಂಬರನ್ನೂ ಹೇಳು. ಆಮೇಲೆ ಪಕ್ಕದಲ್ಲಿ ಕೂತು ಕೇಳಿಸಿಕೊ.