ಮುಸ್ಸಂಜೆಯ ಮೇವೂ ಅಡವಿಹಂದಿಯೂ

ಸುಗ್ಗಿಗೆ ಮುಂಚಿನ ದಿವಸಗಳಲ್ಲಿ ಯಾದಗಿರಿ, ಶಹಾಪುರ, ಸುರಪುರ ಸೀಮೆಗಳ ಯಾವ ಹಳ್ಳಿಗೆ ಹೋದರೂ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಅದೇನಂದರೆ, ರಾತ್ರಿ ಅಡವಿಹಂದಿಗಳು ಬಂದು ಶೇಂಗಾ ಅಗೆದು ತಿಂದವು, ಹಾಲುಗಾಳಿನ ಜೋಳವನ್ನು ಮುರಿದು ಕೆಡವಿದವು ಎಂಬದೇ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚೆಂದು ಒಕ್ಕಲಿಗನು ಹೇಳುವದು ಸುಳ್ಳಲ್ಲ. ಎಂಭತ್ತನೆಯ ಕೀರ್ತನೆಯನ್ನು ಬರೆದಾತನು ತನ್ನ ಜನರ ಹಾಳುಗೇಡನ್ನು ತಿಳಿಸುವಾಗ ದ್ರಾಕ್ಷಾಲತೆಯನ್ನು ಕೆಡಿಸುವ ಕಾಡುಹಂದಿಯನ್ನೇ ನೆನೆದನು. ನಮ್ಮ ಹೊಲದವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾದದ್ದಿಲ್ಲ.

ಈ ಕಷ್ಟವನ್ನು ಕಂಡ ಯೌವನಸ್ಥರಲ್ಲಿ ಕೆಲವರು ಮೊಬೈಲಿನಲ್ಲಿ ಅಮೆರಿಕ ದೇಶದ ಹಂದಿಬೇಟೆಯ ಚಿತ್ರಗಳನ್ನು ನೋಡಿ, ನಾವೂ ಹಾಗೆಯೇ ಮಾಡಿದರೇನು ಎಂದು ಕೇಳುತ್ತಾರೆ. ಕೇಳುವದು ಒಳ್ಳೇದೇ. ಆದದರಿಂದ ಅಲ್ಲಿ ನಡೆಯುವದೇನು, ಇಲ್ಲಿ ನಡೆಯುವದೇನು ಎಂಬದನ್ನು ಈ ತಿಂಗಳು ವಿಚಾರಿಸೋಣ.

ಟೆಕ್ಸಾಸ್ ಎಂಬ ಸೀಮೆಯಲ್ಲಿ ಬೇಟೆಗಾರನು ಮೂರು ಕಾಲಿನ ಕಂಬಕ್ಕೆ ಒಂದು ಪೀಪಾಯಿಯನ್ನು ಕಟ್ಟಿ ಅದರಲ್ಲಿ ಗೋವಿನಜೋಳವನ್ನು ತುಂಬುತ್ತಾನೆ. ಪೀಪಾಯಿಯ ಕೆಳಗೆ ಬ್ಯಾಟರಿಯಿಂದ ತಿರುಗುವ ತಟ್ಟೆಯೂ ಒಂದು ಗಡಿಯಾರವೂ ಇರುತ್ತವೆ. ಗೊತ್ತುಮಾಡಿದ ವೇಳೆಗೆ ತಟ್ಟೆಯು ತಿರುಗಿ ಕಾಳನ್ನು ಸುತ್ತಲೂ ಎರಚುತ್ತದೆ. ಕೆಲವು ದಿವಸಗಳೊಳಗೆ ಹಂದಿಗಳು ಆ ವೇಳೆಯನ್ನು ಕಲಿತುಕೊಳ್ಳುತ್ತವೆ. ಆಗ ಬೇಟೆಗಾರನು, ಗಾಳಿಯು ಹಂದಿಯ ಕಡೆಯಿಂದ ತನ್ನ ಕಡೆಗೆ ಬೀಸುವ ಸ್ಥಳವನ್ನು ನೋಡಿ, ಅಟ್ಟಣೆಯ ಮೇಲೆ ಬಂದೂಕು ಹಿಡಿದು ಹೊತ್ತು ಮುಳುಗುವದನ್ನು ಕಾಯುತ್ತಾನೆ. ಆ ದೇಶಕ್ಕೆ ಈ ಹಂದಿಯು ಪರದೇಶಿ. 16ನೇ ಶತಮಾನದಲ್ಲಿ ಸ್ಪೇನಿನವರು ತಂದ ಸಾಕುಹಂದಿಗಳು ತಪ್ಪಿಸಿಕೊಂಡು ಕಾಡುಪಾಲಾದವು. ಮುಂದೆ ಬೇಟೆಗೋಸ್ಕರ ತಂದುಬಿಟ್ಟ ಯೂರೋಪಿನ ಕಾಡುಹಂದಿಗಳ ಸಂಗಡ ಕೂಡಿ ಹೆಚ್ಚಿದವು. ಆದದರಿಂದ ಅಲ್ಲಿಯ ಕಾಯಿದೆ ಅವುಗಳನ್ನು ಕಾಯುವದಿಲ್ಲ. 2019ರಿಂದ ಹೊಲದ ಯಜಮಾನನ ಒಪ್ಪಿಗೆಯಿದ್ದರೆ ಪರವಾನಗಿಯೂ ಬೇಕಿಲ್ಲ. ಇಷ್ಟೆಲ್ಲಾ ಹೊಡೆದರೂ ಅಲ್ಲಿ ಹಂದಿಗಳು ಮುಗಿದಿಲ್ಲವೆಂಬದನ್ನು ಚಿತ್ರ ನೋಡುವವರು ಮರೆಯಬಾರದು.

ನಮ್ಮ ಅಡವಿಹಂದಿಯಾದರೋ ಈ ನೆಲದ್ದೇ. ಅದರ ಬೆನ್ನಿನ ಮೇಲೆ ಕತ್ತಿನಿಂದ ನಡುವಿನವರೆಗೆ ಬಿರುಸಾದ ಕೇಸರಗೂದಲು ನಿಲ್ಲುವದು. ಮರಿಗಳ ಮೈಮೇಲೆ ಮೊದಲಿನ ಕೆಲವು ತಿಂಗಳು ಪಟ್ಟೆಗಳಿರುವವು. ಕಣ್ಣು ಮಂದ, ಮೂಗು ಬಹು ಚುರುಕು. ಹೆಣ್ಣುಗಳೂ ಮರಿಗಳೂ ಹಿಂಡಾಗಿ ತಿರುಗುವವು, ಬಲಿತ ಗಂಡು ಒಂಟಿಯಾಗಿರುವದು. ನಾಲ್ಕು ತಿಂಗಳಿಗಿಂತ ಸ್ವಲ್ಪ ಕಡಿಮೆ ಕಾಲ ಗರ್ಭವನ್ನು ಹೊತ್ತು ಒಂದೇ ಸೂಲಿನಲ್ಲಿ ನಾಲ್ಕಾರು ಮರಿಗಳನ್ನು ಈಯುವದರಿಂದ ಮೇವು ಸಿಕ್ಕಲ್ಲಿ ಬೇಗನೆ ಹೆಚ್ಚುವದು. ಇದರ ಧೈರ್ಯಕ್ಕೆ ಕಲ್ಲಿನ ಸಾಕ್ಷಿಯೇ ಉಂಟು. ಮಂಡ್ಯದ ಕಡೆಯ ಆತಕೂರಿನಲ್ಲಿ ದೊರೆತ ಸುಮಾರು 950ನೇ ಇಸವಿಯ ಶಾಸನದಲ್ಲಿ, ಗಂಗರ ಬೂತುಗನಿಂದ ಮಣಲೆರನು ಬೇಡಿ ಪಡೆದ ಕಾಳಿ ಎಂಬ ನಾಯಿಯು ಒಂದು ದೊಡ್ಡ ಹಂದಿಯ ಸಂಗಡ ಹೋರಾಡಿ, ಎರಡೂ ಸತ್ತವೆಂದು ಬರೆದಿದೆ. ಒಂದು ನಾಯಿಗೋಸ್ಕರ ನಿಲ್ಲಿಸಿದ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಈ ಪ್ರಾಣಿಗೆ ನಮ್ಮ ಸೀಮೆಯಲ್ಲಿ ಪೀಪಾಯಿಯ ಅವಶ್ಯವೇ ಇಲ್ಲ. ನಾರಾಯಣಪುರದ ಎಡದಂಡೆ ಕಾಲುವೆಯು ಬಂದಂದಿನಿಂದ ಸುರಪುರ, ಶಹಾಪುರಗಳ ಒಣಹೊಲಗಳು ಹಸುರಾದವು. ಬೇಸಿಗೆಯಲ್ಲಿಯೂ ಕೆಸರು ಸಿಕ್ಕುತ್ತದೆ. ಹಳ್ಳದ ದಂಡೆಯಲ್ಲಿಯೂ ಬೀಳುನೆಲದಲ್ಲಿಯೂ ಬಳ್ಳಾರಿ ಜಾಲಿ ಹಬ್ಬಿದೆ. ಹಗಲು ಮಲಗುವದಕ್ಕೆ ಮುಳ್ಳಿನ ಮರೆ, ಹೊರಳುವದಕ್ಕೆ ಕೆಸರು, ಹತ್ತೇ ಮಾರು ದೂರದಲ್ಲಿ ಶೇಂಗಾ. ನಮ್ಮ ಹೊಲಗಳೇ ಮುಸ್ಸಂಜೆಯ ಮೇವಿನ ತೊಟ್ಟಿಗಳಾಗಿರುವಾಗ ಇನ್ನೊಂದು ತೊಟ್ಟಿಯನ್ನಿಟ್ಟು ಕರೆದರೆ ಹಂದಿಗಳು ಹೆಚ್ಚುವವೇ ಹೊರತು ಕಡಿಮೆಯಾಗವು.

ಇನ್ನು ಕಾಯಿದೆಯ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂಬ ಶಬ್ದಕ್ಕೆ ಕೊಲ್ಲುವದು ಮಾತ್ರ ಅರ್ಥವಲ್ಲ. ಉರುಲು ಒಡ್ಡುವದು, ಬೋನಿಡುವದು, ವಿಷ ಹಾಕುವದು, ಮೇವು ತೋರಿಸಿ ಸೆಳೆಯುವದು, ಇವುಗಳಿಗೆ ಪ್ರಯತ್ನಿಸುವದು, ಎಲ್ಲವೂ ಬೇಟೆಯೇ. ಹಂದಿಯು ಬಾರದೆ ಹೋದರೂ ಹೊಡೆಯುವ ಮನಸ್ಸಿನಿಂದ ಕಾಳು ಚೆಲ್ಲಿದವನು ತಪ್ಪಿತಸ್ಥನೇ. 2022ರ ತಿದ್ದುಪಡಿಯ ಪ್ರಕಾರ, 2023ರ ಏಪ್ರಿಲ್ 1ರಿಂದ ಕಾಡುಹಂದಿಯ ಹೆಸರು ಎರಡನೆಯ ಅನುಸೂಚಿಯಲ್ಲಿದೆ. ದಂಡನೆಯು 3 ವರುಷಗಳ ವರೆಗೆ ಸೆರೆ, ಇಲ್ಲವೆ 1 ಲಕ್ಷ ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ. ಆದರೆ ಬಾಗಿಲು ಪೂರಾ ಮುಚ್ಚಿಲ್ಲ. ನಿಂತ ಬೆಳೆಗೆ ಹಾನಿಯಾಗುತ್ತಿದೆ ಎಂದು ಮನದಟ್ಟಾದರೆ ಮುಖ್ಯ ವನ್ಯಜೀವಿ ಪಾಲಕನು, ಅಥವಾ ಆತನಿಂದ ಅಧಿಕಾರ ಹೊಂದಿದವನು, ಕಾರಣಗಳನ್ನು ಬರೆದು ಕೊಲ್ಲುವದಕ್ಕೆ ಅಪ್ಪಣೆ ಕೊಡಬಹುದು. ಹಾಗೆ ಕೊಂದ ಹಂದಿಯೂ ಸರಕಾರದ್ದೇ. ಮಾಂಸವನ್ನು ಹಂಚಿಕೊಳ್ಳುವ ಹಾಗಿಲ್ಲ.

ನಮ್ಮ ಅಜ್ಜಂದಿರು ಹೊಡೆಯುತ್ತಿದ್ದರಲ್ಲಾ ಎಂದು ಕೆಲವರು ಹೇಳುವರು. ಹೌದು, ಸುರಪುರವು ಬೇಡ ನಾಯಕರ ಸಂಸ್ಥಾನವಾಗಿತ್ತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಸಾಯುವ ತನಕ ಅಲ್ಲಿ ಬೇಡರದೇ ಆಳಿಕೆ. ಈಟಿ ಹಿಡಿದು ಹಂದಿಯ ಎದುರಿಗೆ ನಿಂತವನು ತನ್ನ ಜೀವವನ್ನೂ ಪಣಕ್ಕಿಟ್ಟಿರುತ್ತಾನೆ. ತಾನು ಇರಿಯುವದು ಯಾವದನ್ನೆಂದು ಅವನ ಕಣ್ಣಿಗೆ ಗೊತ್ತು. ಅಟ್ಟಣೆಯ ಮೇಲಿನ ಬಂದೂಕಿನವನಿಗೂ ಕಣ್ಣಿದೆ, ಮುಸ್ಸಂಜೆಯ ಮಬ್ಬಿನಲ್ಲಿ ಅದು ಎಷ್ಟು ಕಂಡೀತೆಂಬದು ಬೇರೆ ಮಾತು. ಕಪ್ಪಗೆ ಅಲ್ಲಾಡುವದೆಲ್ಲಾ ಹಂದಿಯಲ್ಲ. ಆ ಹೊತ್ತಿಗೇ ಹೆಂಗಸರು ಬಯಲಿಗೆ ಹೋಗುವರು, ಕುರುಬನು ಮರಿಯನ್ನು ಹುಡುಕುತ್ತಾ ಬಗ್ಗಿ ಬರುವನು, ಬಡವನು ಸಾಕಿದ ಹಂದಿಯೂ ಹಳ್ಳಕ್ಕೆ ಇಳಿದಿರುವದು.

ಆದರೆ ಗುಟ್ಟಾಗಿ ನಡೆಯುವ ಮೂರನೆಯ ವಿಧಕ್ಕೆ ಕಣ್ಣೇ ಇಲ್ಲ. ಸಿಡಿಮದ್ದನ್ನು ಉಂಡೆಕಟ್ಟಿ, ಬೆಲ್ಲವನ್ನಾಗಲಿ ಹಿಟ್ಟನ್ನಾಗಲಿ ಬಳಿದು, ಹೊತ್ತು ಮುಳುಗುವಾಗ ಹಂದಿಯ ದಾರಿಯಲ್ಲಿಟ್ಟು ಮನುಷ್ಯನು ಮನೆಗೆ ಹೋಗಿ ಮಲಗುತ್ತಾನೆ. ಕಚ್ಚಿದ ಪ್ರಾಣಿಯ ದವಡೆ ಒಡೆಯುವದು. ಅದು ಕೂಡಲೆ ಸಾಯದೆ, ತಿನ್ನಲಾರದೆ ಕುಡಿಯಲಾರದೆ ದಿನಗಟ್ಟಲೆ ನರಳಬಹುದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ, ಕಾಡುಹಂದಿಗೆಂದು ಮದ್ದು ತುಂಬಿಟ್ಟ ಕಾಯನ್ನು ಗಬ್ಬದ ಆನೆಯೊಂದು ಕಚ್ಚಿ, ಒಡೆದ ಬಾಯನ್ನು ನೀರಿನಲ್ಲಿಟ್ಟುಕೊಂಡು ಹೊಳೆಯಲ್ಲಿ ನಿಂತೇ ಸತ್ತಿತು. ನಮ್ಮಲ್ಲಿ ಆನೆಯಿಲ್ಲ, ಎಮ್ಮೆಯಿದೆ, ನಾಯಿಯಿದೆ, ಬೆಲ್ಲವೆಂದರೆ ಕೈಚಾಚುವ ಮಕ್ಕಳಿದ್ದಾರೆ. ಗುಂಡಿಯನ್ನು ತೋಡಿ ಮುಚ್ಚದೆ ಹೋದವನು ಅದರಲ್ಲಿ ಬಿದ್ದ ಎತ್ತಿಗೋ ಕತ್ತೆಗೋ ಬೆಲೆ ಕೊಡತಕ್ಕದ್ದೆಂದು ಮೋಶೆಯ ಧರ್ಮಶಾಸ್ತ್ರದಲ್ಲಿದೆ. ನಾನು ಹಂದಿಗೆಂದು ಇಟ್ಟೆನು ಎಂಬ ನೆವವು ಅಲ್ಲಿ ನಡೆಯುವದಿಲ್ಲ. ಮಗುವಿನ ಕೈಗೆ ಬೆಲೆ ಕೊಡುವವರು ಯಾರು? ಇಂಥ ಮದ್ದನ್ನು ಕೂಡಿಡುವದೇ 1908ರ ಸ್ಫೋಟಕ ವಸ್ತುಗಳ ಕಾಯಿದೆಯಂತೆ ಭಾರೀ ಅಪರಾಧ. ಬೇಲಿಗೆ ಕಂಬದ ವಿದ್ಯುತ್ತನ್ನು ನೇರವಾಗಿ ಹರಿಸುವದೂ ಇದೇ ಜಾತಿಯದು. ಬೆಳಿಗ್ಗೆ ಅಲ್ಲಿ ಬಿದ್ದಿರುವದು ಹೊಲದ ಯಜಮಾನನ ಮಗನೇ ಆಗಿರಬಹುದು.

ಹಾಗಾದರೆ ಬೆಳೆಯನ್ನು ಬಿಟ್ಟುಕೊಡಬೇಕೋ? ಬೇಡ. ಶೇಂಗಾದ ಸುತ್ತ ನಾಲ್ಕು ಸಾಲು ಕುಸುಬೆ ಬಿತ್ತಿದರೆ ಅದರ ಮುಳ್ಳಿಗೆ ಹಂದಿಯು ಹಿಂಜರಿಯುವದು. ಸೂರ್ಯನ ಶಕ್ತಿಯಿಂದ ನಡೆಯುವ ಬೇಲಿಯು ಕ್ಷಣಮಾತ್ರ ಚುರುಕು ಮುಟ್ಟಿಸಿ ಬಿಡುವದರಿಂದ, ಸರಿಯಾಗಿ ಕೂರಿಸಿದರೆ ಜೀವ ತೆಗೆಯುವದಿಲ್ಲ; ಒಬ್ಬನಿಗೆ ಭಾರವಾದರೆ ಅಕ್ಕಪಕ್ಕದ ಹೊಲದವರು ಕೂಡಿ ಹಾಕಿಸಬಹುದು. ಕ್ಷೌರದಂಗಡಿಯ ಕೂದಲನ್ನು ಬದುವಿನ ಮೇಲೆ ಚೆಲ್ಲುವವರೂ ಇದ್ದಾರೆ. ಮಳೆ ಬಂದರೆ ಅದರ ಗುಣವು ಹೋಗುವದು. ಎಲ್ಲಕ್ಕಿಂತ ಹಳೆಯದಾದ ಮಂಚಿಕೆಯ ಕಾವಲು ಇಂದಿಗೂ ಒಳ್ಳೇದು. ಆದರೆ ಒಬ್ಬನೇ ತಿಂಗಳೆಲ್ಲಾ ಎಚ್ಚರವಿರಲಾರನು. ಹತ್ತು ಮನೆಯವರು ಸರದಿ ಹಾಕಿಕೊಂಡು, ಹೊತ್ತು ಮುಳುಗುವದಕ್ಕೆ ಮುಂಚೆಯೇ ಬೆಂಕಿ ಹಚ್ಚಿ ತಮಟೆ ಬಾರಿಸಿದರೆ ಹಿಂಡು ಜಾಲಿಯಿಂದ ಹೊರಡುವಾಗಲೇ ಬೇರೆ ದಾರಿ ಹಿಡಿಯುವದು.

ಕೆಟ್ಟುಹೋದ ಬೆಳೆಗೆ ಅರಣ್ಯ ಇಲಾಖೆಯಿಂದ ಪರಿಹಾರವನ್ನು ಕೇಳುವ ಹಕ್ಕುಂಟು. ಹಲವರು ನಷ್ಟವಾದ ಮರುದಿವಸವೇ ಹೊಲವನ್ನು ಹಸನುಮಾಡಿಬಿಡುತ್ತಾರೆ. ಆಮೇಲೆ ತೋರಿಸುವದಕ್ಕೆ ಏನೂ ಇರುವದಿಲ್ಲ. ಆದದರಿಂದ ಅಗೆದ ಮಣ್ಣನ್ನೂ ಗೊರಸಿನ ಗುರುತನ್ನೂ ಹಾಗೆಯೇ ಬಿಟ್ಟು ಅದೇ ಮೊಬೈಲಿನಿಂದ ಚಿತ್ರ ತೆಗೆದು, ಪಹಣಿಯ ಪ್ರತಿಯ ಸಂಗಡ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಡಮಾಡದೆ ಅರ್ಜಿ ಕೊಡತಕ್ಕದ್ದು. ಬರೆಯಲು ಬಾರದವರಿಗೆ ಸಭೆಯಲ್ಲಿ ಓದುಬಲ್ಲ ಹುಡುಗರು ಬರೆದುಕೊಡಲಿ, ಕಚೇರಿಯಿಂದ ಸ್ವೀಕೃತಿಯ ಚೀಟಿಯನ್ನೂ ಕೇಳಿ ತೆಗೆದುಕೊಳ್ಳಲಿ.