ಮರೆವಿಗೆ ಸೂಜಿ ಮದ್ದೇ?

ವಯಸ್ಸಾದವರಿಗೆ ಮರೆವು ಸಹಜ ಎಂಬ ಮಾತು ಪ್ರತಿಯೊಂದು ಮನೆಯಲ್ಲಿಯೂ ಕೇಳಿಬರುತ್ತದೆ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕುವ ತಾತನನ್ನು ಕಂಡು ಮೊಮ್ಮಕ್ಕಳು ನಗುತ್ತಾರೆ, ತಾತನೂ ನಗುತ್ತಾನೆ. ಅದು ಕಾಯಿಲೆಯಲ್ಲ. ಆದರೆ ಬೆಳಿಗ್ಗೆ ಪಿಂಚಣಿಯ ಹಣ ಪಡೆದ ಹಿರಿಯರು ಮಧ್ಯಾಹ್ನ ಮತ್ತೆ ಬ್ಯಾಂಕಿನ ಕೌಂಟರಿನ ಮುಂದೆ ನಿಂತು ಅದೇ ಹಣವನ್ನು ಕೇಳಿದರೆ, ನಲವತ್ತು ವರ್ಷ ಒಂದೇ ಬಗೆಯಾಗಿದ್ದ ಸಹಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತ ಹೋದರೆ, ದಿನವೂ ನಡೆದ ದಾರಿಯಲ್ಲಿ ಮನೆಯ ತಿರುವು ತಪ್ಪಿದರೆ, ಅಲ್ಲಿ ನಗುವಿಗೆ ಎಡೆಯಿಲ್ಲ.

ಸಹಜವಾದ ಮರೆವಿಗೂ ಡಿಮೆನ್ಶಿಯಾ ಎಂಬ ಕಾಯಿಲೆಗೂ ನಡುವೆ ಒಂದು ಮೆಟ್ಟಿಲಿದೆ. ಜ್ಞಾಪಕಶಕ್ತಿ ವಯಸ್ಸಿಗೆ ಮೀರಿ ಕುಂದಿರುತ್ತದೆ. ಆದರೂ ಸ್ನಾನ, ಊಟ, ಹಣಕಾಸು ಮುಂತಾದ ದೈನಂದಿನ ವ್ಯವಹಾರಗಳು ಬಹುಮಟ್ಟಿಗೆ ನಡೆದುಕೊಂಡು ಹೋಗುತ್ತಿರುತ್ತವೆ. ಈ ಸ್ಥಿತಿಯನ್ನು ವೈದ್ಯರು 'ಮೈಲ್ಡ್ ಕಾಗ್ನಿಟಿವ್ ಇಂಪೇರ್ಮೆಂಟ್' ಎನ್ನುತ್ತಾರೆ. ಕನ್ನಡದಲ್ಲಿ ಅರಿವಿನ ಲಘು ಕುಂದು ಎನ್ನಬಹುದು. ಇದಕ್ಕೊಳಗಾದವರಲ್ಲಿ ಕೆಲವರು ಮುಂದೆ ಡಿಮೆನ್ಶಿಯಾಕ್ಕೆ ಇಳಿಯುತ್ತಾರೆ, ಕೆಲವರು ಅಲ್ಲಿಯೇ ನಿಲ್ಲುತ್ತಾರೆ, ಮತ್ತೆ ಕೆಲವರು ಚೇತರಿಸಿಕೊಳ್ಳುತ್ತಾರೆ. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ.

ದಿಂಡೋರಿಯ ಕಡೆಯ ಒಂದು ಮನೆ

ನಾಸಿಕದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರು ದೂರದ ದಿಂಡೋರಿಯು ಮುಂಬಯಿಯ ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ಸಪ್ತಶೃಂಗಿ ದೇವಿಯ ದರ್ಶನಕ್ಕೆ ಹೋಗುವವರು ಈ ತಾಲ್ಲೂಕಿನ ದ್ರಾಕ್ಷಿ ತೋಟಗಳ ನಡುವೆ ಹಾದುಹೋಗುತ್ತಾರೆ. ಅಲ್ಲಿಗೆ ಸಮೀಪದ ಓಝರಿನಲ್ಲಿ, ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನ ಕಾರ್ಖಾನೆ 1964ರಿಂದ ಇದೆ. ಅಂಥ ಕಡೆ ನೆಲೆಸಿದ ಕನ್ನಡ ಸಂಸಾರವೊಂದನ್ನು ಓದುಗರು ಊಹಿಸಿಕೊಳ್ಳಬಹುದು. ಮಗನಿಗೆ ಕಾರ್ಖಾನೆಯಲ್ಲಿ ಕೆಲಸ. ಎಪ್ಪತ್ತೆರಡರ ತಂದೆ ರಾಯರು ಧಾರವಾಡದ ಮನೆಗೆ ಬೀಗ ಹಾಕಿ ಬಂದು ಮಗನೊಡನೆ ಇದ್ದಾರೆ. ಆರು ತಿಂಗಳಿಂದ ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ. ನೆರೆಯವರೊಬ್ಬರು ಅಕ್ಯುಪಂಕ್ಚರ್ ಮಾಡಿಸಲು ಸಲಹೆ ಕೊಡುತ್ತಾರೆ. ಮಾತ್ರೆಯಿಲ್ಲ, ಅಡ್ಡ ಪರಿಣಾಮವಿಲ್ಲ, ತಲೆಯ ಮೇಲೆ ನಾಲ್ಕು ಸೂಜಿ, ಅಷ್ಟೇ. ಮಗನು ಏನು ಮಾಡಬೇಕು? ಈ ಪ್ರಶ್ನೆ ಇಂದು ಅನೇಕ ಮನೆಗಳದು.

ಚೀನದ ಸೂಜಿಗೆ ಮಹಾರಾಷ್ಟ್ರದ ನಂಟು

ಅಕ್ಯುಪಂಕ್ಚರ್ ಚೀನದ ಪ್ರಾಚೀನ ಚಿಕಿತ್ಸಾ ಪದ್ಧತಿ. ಅದು ಭಾರತಕ್ಕೆ ಬಂದ ಕಥೆಯಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಬರುವ ಸೋಲಾಪುರದ ಹೆಸರೂ ಸೇರಿಕೊಂಡಿದೆ. ಜಪಾನಿನ ಆಕ್ರಮಣಕ್ಕೆ ತುತ್ತಾದ ಚೀನಕ್ಕೆ 1938ರಲ್ಲಿ ಭಾರತದಿಂದ ಐವರು ವೈದ್ಯರ ತಂಡವೊಂದು ಹೋಯಿತು. ಸೋಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸರು ಗಾಯಾಳುಗಳ ಸೇವೆಯಲ್ಲಿಯೇ 1942ರ ಡಿಸೆಂಬರಿನಲ್ಲಿ ಅಲ್ಲಿ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿಜಯಕುಮಾರ ಬಸು ಅವರು 1958ರಲ್ಲಿ ಮತ್ತೆ ಚೀನಕ್ಕೆ ಹೋಗಿ ಸೂಜಿ ಚಿಕಿತ್ಸೆಯನ್ನು ಕಲಿತು, ಮರುವರ್ಷ ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು.

ಮಹಾರಾಷ್ಟ್ರವು ಈ ಪದ್ಧತಿಗಾಗಿ '2015ರ ಅಕ್ಯುಪಂಕ್ಚರ್ ಚಿಕಿತ್ಸಾ ಪದ್ಧತಿ ಕಾಯಿದೆ'ಯನ್ನು ರಚಿಸಿ, ಚಿಕಿತ್ಸಕರ ನೋಂದಣಿಗೆ ಮಂಡಳಿಯೊಂದನ್ನು ಏರ್ಪಡಿಸಿತು. ಕೇಂದ್ರ ಸರ್ಕಾರವೂ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ವಿಧಾನವೆಂದು ಮನ್ನಿಸಿತು. ಆದುದರಿಂದ ಇದನ್ನು ಬೀದಿಬದಿಯ ಮದ್ದೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಕಾನೂನಿನ ಮನ್ನಣೆ ಬೇರೆ, ಒಂದು ನಿರ್ದಿಷ್ಟ ಕಾಯಿಲೆಯನ್ನು ಗುಣಪಡಿಸುತ್ತದೆಂಬ ಸಾಕ್ಷ್ಯ ಬೇರೆ. ಬ್ಯಾಂಕಿಗೆ ಪರವಾನಗಿ ಇದ್ದ ಮಾತ್ರಕ್ಕೆ ಅದು ಕೊಟ್ಟ ಸಾಲವೆಲ್ಲ ವಸೂಲಾಗುತ್ತದೆಂದು ಅರ್ಥವಾಗದು.

ಸೂಜಿ ಚುಚ್ಚುವ ಬಗೆ

ಕೂದಲೆಳೆಯಂತಹ ತೆಳ್ಳನೆಯ ಉಕ್ಕಿನ ಸೂಜಿಗಳನ್ನು ದೇಹದ ಗೊತ್ತಾದ ಬಿಂದುಗಳಲ್ಲಿ ಚುಚ್ಚಿ, ಸಾಮಾನ್ಯವಾಗಿ 20ರಿಂದ 30 ನಿಮಿಷ ಬಿಡುತ್ತಾರೆ. ಮರೆವಿಗೆ ಮುಖ್ಯವಾಗಿ ಆರಿಸುವ ಬಿಂದು ನೆತ್ತಿಯ ಮೇಲಿನ 'ಬೈಹುಯಿ'. ನೂರು ದಾರಿ ಕೂಡುವ ತಾಣ ಎಂದು ಅದರ ಅರ್ಥ. ಅದರ ಸುತ್ತಲಿನ ನಾಲ್ಕು ಬಿಂದುಗಳು, ಮಣಿಕಟ್ಟಿನ 'ಷೆನ್‌ಮೆನ್', ಮೊಣಕಾಲಿನ ಕೆಳಗಿನ 'ಝುಸಾನ್‌ಲಿ' ಇವನ್ನೂ ಬಳಸುವುದುಂಟು. ಕೆಲವೆಡೆ ಸೂಜಿಗೆ ಅಲ್ಪ ಪ್ರಮಾಣದ ವಿದ್ಯುತ್ತನ್ನೂ ಹರಿಸುತ್ತಾರೆ. 'ಚೀ' ಎಂಬ ಪ್ರಾಣಶಕ್ತಿಯ ಹರಿವು ಇದರಿಂದ ಸರಿಹೋಗುತ್ತದೆಂಬುದು ಪರಂಪರೆಯ ವಿವರಣೆ. ನರಗಳು ಪ್ರಚೋದನೆಗೊಂಡು ಮಿದುಳಿನಲ್ಲಿ ರಾಸಾಯನಿಕ ಬದಲಾವಣೆಗಳಾಗುತ್ತವೆ ಎಂಬುದು ಇಂದಿನ ಸಂಶೋಧಕರ ವಿವರಣೆ.

ಸಾಕ್ಷ್ಯದ ಲೆಕ್ಕ ಪರಿಶೋಧನೆ

ಅರಿವಿನ ಲಘು ಕುಂದಿಗೆ ಸೂಜಿ ಚಿಕಿತ್ಸೆ ಕೊಟ್ಟು ನೋಡಿದ ಐದು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು 2016ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಒಟ್ಟು 568 ಮಂದಿ ಭಾಗವಹಿಸಿದ್ದರು. ಸೂಜಿ ಪಡೆದವರ ಅಂಕಗಳು 'ನಿಮೋಡಿಪಿನ್' ಎಂಬ ಔಷಧ ಪಡೆದವರ ಅಂಕಗಳಿಗಿಂತ ಮೇಲಾಗಿದ್ದವು. ಇದು ಆಶಾದಾಯಕವೇ. ಆದರೆ ಪ್ರಯೋಗಗಳ ಗುಣಮಟ್ಟ ಕಡಿಮೆಯೆಂದೂ ಫಲಿತಾಂಶವನ್ನು ಎಚ್ಚರಿಕೆಯಿಂದ ಗ್ರಹಿಸಬೇಕೆಂದೂ ಅದನ್ನು ಬರೆದವರೇ ಹೇಳಿದರು. ಮೇಲಾಗಿ, ನಿಮೋಡಿಪಿನ್ ಈ ಸ್ಥಿತಿಗೆ ಸಿದ್ಧಪಟ್ಟ ಮದ್ದಲ್ಲ. ಗಟ್ಟಿಯೆಂದು ಸಾಬೀತಾಗದ ನಾಣ್ಯದೊಡನೆ ಹೋಲಿಸಿ ಇನ್ನೊಂದು ನಾಣ್ಯದ ಬೆಲೆ ಕಟ್ಟಿದಂತಾಯಿತು. ರಕ್ತನಾಳಗಳ ತೊಂದರೆಯಿಂದ ಬರುವ ಡಿಮೆನ್ಶಿಯಾ ಕುರಿತು 2007ರಲ್ಲಿ ಕಾಕ್ರೇನ್ ಸಂಸ್ಥೆ ನಡೆಸಿದ ವಿಮರ್ಶೆಗೆ, ಅದರ ಮಾನದಂಡಕ್ಕೆ ಒಪ್ಪುವ ಪ್ರಯೋಗವೊಂದೂ ದೊರೆಯಲಿಲ್ಲ.

ಇನ್ನೊಂದು ತೊಡಕೂ ಇದೆ. ಮಾತ್ರೆಯ ಪ್ರಯೋಗದಲ್ಲಿ ನಿಜವಾದ ಮಾತ್ರೆಯಾವುದು, ಸಕ್ಕರೆಯ ಮಾತ್ರೆಯಾವುದು ಎಂಬುದನ್ನು ರೋಗಿಯಿಂದಲೂ ವೈದ್ಯರಿಂದಲೂ ಮರೆಮಾಡಬಹುದು; ಸೂಜಿಯನ್ನು ಚುಚ್ಚುವವರಿಂದ ಮರೆಮಾಡುವುದು ಕಷ್ಟ. ಅದೇ ಪ್ರಶ್ನೆಗಳಿಗೆ ಎರಡನೆಯ ಬಾರಿ ಉತ್ತರಿಸುವವರಿಗೆ ಅಭ್ಯಾಸಬಲದಿಂದಲೇ ಹೆಚ್ಚು ಅಂಕ ಬರಬಹುದು. ಆದುದರಿಂದ ಸದ್ಯಕ್ಕೆ ಹೇಳಬಹುದಾದುದು ಇಷ್ಟೇ: ಸೂಜಿಯಿಂದ ಸ್ವಲ್ಪ ಪ್ರಯೋಜನ ಇದ್ದೀತು, ಆದರೆ ಅದು ಸಾಬೀತಾಗಿಲ್ಲ, ಡಿಮೆನ್ಶಿಯಾವನ್ನು ಅದು ತಡೆಯುತ್ತದೆಂದು ಭರವಸೆ ಕೊಡಲು ಯಾರಿಗೂ ಆಧಾರವಿಲ್ಲ.

ಮೊದಲು ಆಗಬೇಕಾದ ಕೆಲಸ

ನಿಜವಾದ ಅಪಾಯ ಸೂಜಿಯ ಮೊನೆಯಲ್ಲಿಲ್ಲ. ಸೂಜಿಯನ್ನು ನಂಬಿ ಕಳೆಯುವ ತಿಂಗಳುಗಳಲ್ಲಿದೆ. ಏಕೆಂದರೆ ಮರೆವನ್ನುಂಟುಮಾಡುವ ಕಾರಣಗಳಲ್ಲಿ ಹಲವು ಸರಿಪಡಿಸಬಹುದಾದವು. ದೀರ್ಘಕಾಲ ಶುದ್ಧ ಸಸ್ಯಾಹಾರಿಗಳಾಗಿದ್ದವರಲ್ಲಿ ಬಿ-12 ಜೀವಸತ್ವದ ಕೊರತೆ ಕಾಣಿಸುವುದುಂಟು. ಸಾಮಾನ್ಯ ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಥೈರಾಯ್ಡ್ ಗ್ರಂಥಿ ಮಂದವಾದರೂ ಮರೆವು ಬರುತ್ತದೆ. ನಿದ್ರೆಯ ಮಾತ್ರೆಗಳು, ನೆಗಡಿ ಮತ್ತು ತುರಿಕೆಗೆ ಕೊಡುವ ಕೆಲವು ಮಾತ್ರೆಗಳು ವೃದ್ಧರ ಬುದ್ಧಿಯನ್ನು ಮಂಕುಗೊಳಿಸುತ್ತವೆ. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾದ ಕೆಲವು ವಾರಗಳ ಮೇಲೆ ಮಿದುಳಿನ ಹೊರಪೊರೆಯಡಿ ರಕ್ತ ಶೇಖರವಾಗಿ ಮರೆವಾಗಿ ತೋರಬಹುದು. ಇದನ್ನು ತಡಮಾಡಿದರೆ ಪ್ರಾಣಕ್ಕೇ ಅಪಾಯ. ಕಿವಿ ಕೇಳಿಸದವರು ಮರೆತವರಂತೆ ಕಾಣುತ್ತಾರೆ. ಊರು, ಮಾತು, ಗೆಳೆಯರು ಎಲ್ಲವನ್ನೂ ಬಿಟ್ಟುಬಂದ ಹಿರಿಯರ ಖಿನ್ನತೆಯೂ ಮರೆವಿನ ವೇಷದಲ್ಲಿ ಬರುವುದುಂಟು.

ಪರೀಕ್ಷೆಯ ವಿಷಯದಲ್ಲಿ ಹೊರನಾಡಿನ ಕನ್ನಡಿಗರು ಮರೆಯಬಾರದ ಮಾತೊಂದಿದೆ. ಜ್ಞಾಪಕಶಕ್ತಿಯನ್ನು ಅಳೆಯುವುದು ಪ್ರಶ್ನೋತ್ತರದಿಂದ. ಧಾರವಾಡದ ಹಿರಿಯರನ್ನು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಪ್ರಶ್ನಿಸಿದರೆ, ಭಾಷೆಯ ತೊಡಕು ಮರೆವಿನ ಖಾತೆಗೆ ಜಮೆಯಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಸಿದ್ಧವಾದ ಅರಿವಿನ ಪರೀಕ್ಷಾಮಾಲಿಕೆಯು ಕನ್ನಡದಲ್ಲಿಯೂ ಇದೆ. ಕನ್ನಡದಲ್ಲಿ ಪರೀಕ್ಷೆ ಬೇಕೆಂದು ವೈದ್ಯರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಸೂಜಿಗೆ ಹೋಗುವವರು ಗಮನಿಸಬೇಕಾದುವು

ವೈದ್ಯರ ತಪಾಸಣೆ ಮುಗಿದ ಮೇಲೆ, ನಿದ್ರೆಗೋ ಮಂಡಿನೋವಿಗೋ ನೆಮ್ಮದಿಗೋ ಜೊತೆಯ ಚಿಕಿತ್ಸೆಯಾಗಿ ಸೂಜಿಯನ್ನು ಬಯಸುವವರು ಈ ಎಚ್ಚರಗಳನ್ನು ವಹಿಸತಕ್ಕದ್ದು:

1. ಚಿಕಿತ್ಸಕರ ನೋಂದಣಿಯನ್ನು ವಿಚಾರಿಸಬೇಕು.

2. ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ಕಣ್ಣೆದುರಿಗೇ ಒಡೆಯಿಸಬೇಕು.

3. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು. ಹೃದಯದಲ್ಲಿ ಪೇಸ್‌ಮೇಕರ್ ಇರುವವರು ವಿದ್ಯುತ್ ಹರಿಸುವ ಸೂಜಿಯಿಂದ ದೂರವಿರಬೇಕು.

4. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಔಷಧಗಳನ್ನು ಸೂಜಿಯ ಭರವಸೆಯ ಮೇಲೆ ನಿಲ್ಲಿಸಕೂಡದು.

5. ಖಂಡಿತ ಗುಣವೆಂದು ಹೇಳಿ ಹಲವು ತಿಂಗಳ ಹಣವನ್ನು ಮುಂಗಡವಾಗಿ ಕೇಳುವಲ್ಲಿ ಕೈಚೀಲ ತೆರೆಯಬಾರದು.

ಸಂಘದ ಅಂಗಳದಲ್ಲಿರುವ ಮದ್ದು

ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಡಿಮೆನ್ಶಿಯಾಕ್ಕೆ ಎಡೆಮಾಡುವ, ಆದರೆ ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿಮಾಡಿ, ಅವನ್ನೆಲ್ಲ ನಿವಾರಿಸಿದರೆ ಸುಮಾರು ನೂರಕ್ಕೆ 45ರಷ್ಟು ಡಿಮೆನ್ಶಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡು, ವ್ಯಾಯಾಮವಿಲ್ಲದಿರುವುದು ಆ ಪಟ್ಟಿಯಲ್ಲಿವೆ. ಒಂಟಿತನದ ಬಾಳೂ ಇದೆ. ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ಪರಿಶೀಲಿಸಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಹೊರನಾಡಿನಲ್ಲಿ ಬಾಳುವವರಿಗೆ ಇದು ಸಮಾಧಾನ ತರುವ ಸಂಗತಿ.

ಇನ್ನು ದಿಂಡೋರಿಯ ಕಡೆಯ ಆ ಮನೆಗೆ ಮರಳಿದರೆ, ಮಗನು ಮಾಡಬೇಕಾದ ಕೆಲಸಗಳ ಅನುಕ್ರಮ ಈಗ ಸ್ಪಷ್ಟ. ಈ ವಾರವೇ ತಂದೆಯವರಿಗೆ ರಕ್ತಪರೀಕ್ಷೆ ಮಾಡಿಸಲಿ, ಕಿವಿ ತೋರಿಸಲಿ, ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ನರರೋಗ ತಜ್ಞರ ಬಳಿಗೆ ಒಯ್ಯಲಿ. ರಾಯರ ಬುದ್ಧಿ ಸ್ವಾಧೀನದಲ್ಲಿರುವಾಗಲೇ ಅವರ ಒಪ್ಪಿಗೆ ಪಡೆದು ಬ್ಯಾಂಕಿನ ಖಾತೆಯನ್ನು ಜಂಟಿಯಾಗಿಸಿ, ನಾಮನಿರ್ದೇಶನವನ್ನು ಸರಿಪಡಿಸಲಿ. ಸಂಜೆ ಅವರೊಡನೆ ಅರ್ಧ ಗಂಟೆ ನಡೆಯಲಿ. ಸೂಜಿ ಬೇಕೆನಿಸಿದರೆ ಆಮೇಲೆ ಅದೂ ಆಗಲಿ. ಭಾನುವಾರ ಹತ್ತಿರದ ಕನ್ನಡ ಸಂಘಕ್ಕೆ ಅವರನ್ನು ಕರೆದೊಯ್ದು ಕೂರಿಸಲಿ. ಅಲ್ಲಿ ರಾಯರು ಧಾರವಾಡದ ಮಾತನ್ನು ಎರಡನೆಯ ಬಾರಿ ಹೇಳಿದರೂ, ಮೊದಲ ಬಾರಿ ಕೇಳಿದಂತೆ ಕೇಳುವ ನಾಲ್ಕು ಜನರಿರುವಂತೆ ನೋಡಿಕೊಳ್ಳುವುದು ಸಂಘದ ಕರ್ತವ್ಯ.